ಜಾರ್ಜ್ ಫರ್ನಾಂಡಿಸ್: ರೈಲು ನಿಲ್ಲಿಸಿದವರು, ರೈಲು ತಂದವರು

ಭಾರತದ ಸಮಾಜವಾದಿ ಚಳವಳಿಯ ಪ್ರಮುಖ ನಾಯಕರಲ್ಲೊಬ್ಬರಾದ ಜಾರ್ಜ್ ಮ್ಯಾಥ್ಯೂ ಫರ್ನಾಂಡಿಸ್ (1930–2019) ಅವರು ಮಂಗಳೂರಿನಲ್ಲಿ ಜನಿಸಿ, ಮುಂಬಯಿಯಲ್ಲಿ ಕಾರ್ಮಿಕ ನಾಯಕರಾಗಿ ಬೆಳೆದು, ಬಿಹಾರದ ಮತದಾರರ ಪ್ರತಿನಿಧಿಯಾಗಿ ದೆಹಲಿಯಲ್ಲಿ ಬಾಳಿದವರು. ಒಂಬತ್ತು ಬಾರಿ ಲೋಕಸಭೆಗೆ ಆಯ್ಕೆಯಾದ ಅವರು ಒಮ್ಮೆಯೂ ತವರು ರಾಜ್ಯದಿಂದ ಗೆಲ್ಲಲಿಲ್ಲ. ಅರ್ಧ ಶತಮಾನಕ್ಕೂ ಮಿಕ್ಕಿದ ಸಾರ್ವಜನಿಕ ಜೀವನದಲ್ಲಿ ಅವರು ಕೇಂದ್ರ ಸಚಿವರಾಗಿದ್ದುದು ಸುಮಾರು 9 ವರ್ಷ ಮಾತ್ರ. ಉಳಿದ ಕಾಲವೆಲ್ಲ ಬೀದಿಯಲ್ಲಿ, ಸಂಘದ ಕಚೇರಿಯಲ್ಲಿ, ಸೆರೆಮನೆಯಲ್ಲಿ ಮತ್ತು ಸಂಸತ್ತಿನ ವಿರೋಧ ಪಕ್ಷದ ಸಾಲಿನಲ್ಲಿ ಕಳೆಯಿತು. ಹೊರನಾಡಿನ ಕನ್ನಡಿಗರಿಗೆ, ಅದರಲ್ಲೂ ಮುಂಬಯಿಯಲ್ಲಿ ನೆಲೆಸಿದ ಕರಾವಳಿಯವರಿಗೆ, ಅವರ ಹೆಸರು ಇಂದಿಗೂ ಎರಡು ಸಂಗತಿಗಳನ್ನು ನೆನಪಿಸುತ್ತದೆ: 1974ರ ರೈಲ್ವೆ ಮುಷ್ಕರ ಮತ್ತು ಕೊಂಕಣ ರೈಲ್ವೆ. ಈ ಎರಡರ ನಡುವಿನ ದಾರಿಯನ್ನು ತಿಳಿಯದೆ ಅವರ ವ್ಯಕ್ತಿತ್ವವನ್ನು ಅಳೆಯಲಾಗದು.

ಬಾಲ್ಯ ಮತ್ತು ಶಿಕ್ಷಣ

ಜಾರ್ಜ್ ಅವರು 1930ರ ಜೂನ್ 3ರಂದು ಮಂಗಳೂರಿನ ಕೊಂಕಣಿ ಮಾತೃಭಾಷೆಯ ಕ್ರೈಸ್ತ ಕುಟುಂಬದಲ್ಲಿ ಜನಿಸಿದರು. ತಂದೆ ಜಾನ್ ಜೋಸೆಫ್ ಫರ್ನಾಂಡಿಸ್, ತಾಯಿ ಆಲಿಸ್ ಮಾರ್ತಾ. ಆರು ಮಂದಿ ಗಂಡುಮಕ್ಕಳಲ್ಲಿ ಇವರೇ ಹಿರಿಯರು. ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಹುಟ್ಟಿದ್ದೂ ಜೂನ್ 3ರಂದೇ. ಆ ದೊರೆಯ ಮೇಲಿನ ಅಭಿಮಾನದಿಂದ ತಾಯಿ ಮಗನಿಗೆ ಅದೇ ಹೆಸರನ್ನಿಟ್ಟರು.

ಮಂಗಳೂರಿನ ಸಂತ ಅಲೋಶಿಯಸ್ ವಿದ್ಯಾಸಂಸ್ಥೆಯಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದ ಬಳಿಕ, ಹಿರಿಯ ಮಗನು ಧರ್ಮಗುರುವಾಗಲೆಂಬ ಮನೆಯವರ ಆಶಯದಂತೆ 1946ರಲ್ಲಿ ಬೆಂಗಳೂರಿನ ಸಂತ ಪೀಟರ್ ಸೆಮಿನರಿಗೆ ಸೇರಿದರು. ಅಲ್ಲಿ ಗುರುಗಳಿಗೆ ಎತ್ತರದ ಮೇಜು ಮತ್ತು ಉತ್ತಮ ಊಟ, ವಿದ್ಯಾರ್ಥಿಗಳಿಗೆ ಬೇರೆಯೇ ಪಂಕ್ತಿ. ಬೋಧನೆಗೂ ಆಚರಣೆಗೂ ನಡುವಿನ ಈ ಅಂತರವನ್ನು ತಾಳಲಾರದೆ ಎರಡೂವರೆ ವರ್ಷಗಳೊಳಗೇ ಸೆಮಿನರಿಯನ್ನು ತೊರೆದುದಾಗಿ ಅವರು ಮುಂದೆ ಹೇಳಿಕೊಂಡಿದ್ದಾರೆ. ಊರಿಗೆ ಮರಳಿ ಮಂಗಳೂರಿನ ಹೋಟೆಲ್ ಮತ್ತು ಸಾರಿಗೆ ಕಾರ್ಮಿಕರ ಸಂಘಟನೆಯಲ್ಲಿ ತೊಡಗಿದಾಗ ಅವರಿಗೆ 19 ವರ್ಷ. ಅದೇ 1949ರಲ್ಲಿ ‘ಕೊಂಕಣಿ ಯುವಕ್’ ಎಂಬ ಕೊಂಕಣಿ ಮಾಸಿಕಕ್ಕೂ ‘ರೈತವಾಣಿ’ ಎಂಬ ಕನ್ನಡ ವಾರಪತ್ರಿಕೆಗೂ ಸಂಪಾದಕರಾಗಿದ್ದರು. ಹೀಗೆ ಅವರ ಬರವಣಿಗೆಯ ಆರಂಭದ ದಿನಗಳಲ್ಲಿ ಕನ್ನಡಕ್ಕೂ ಒಂದು ಸ್ಥಾನವಿತ್ತು.

ಮುಂಬಯಿಯ ದಿನಗಳು

ಕೆಲಸ ಅರಸಿ ಮುಂಬಯಿಗೆ ಬಂದ ಅಸಂಖ್ಯಾತ ಕರಾವಳಿ ಯುವಕರಂತೆ ಜಾರ್ಜ್ ಅವರೂ ಬರಿಗೈಯಲ್ಲಿ ಬಂದರು. ಚೌಪಾಟಿಯ ಬೆಂಚುಗಳ ಮೇಲೆ ಮಲಗುತ್ತಿದ್ದ ಅವರನ್ನು ನಡುರಾತ್ರಿ ಪೋಲೀಸರು ಎಬ್ಬಿಸಿ ಕಳುಹಿಸುತ್ತಿದ್ದರು. ಕೊನೆಗೆ ಪತ್ರಿಕೆಯೊಂದರಲ್ಲಿ ಕರಡು ತಿದ್ದುವ ಕೆಲಸ ದೊರೆಯಿತು.

ಅವರ ಬದುಕಿಗೆ ದಿಕ್ಕು ತೋರಿದವರು ಇಬ್ಬರು. ಬಂದರು ಕಾರ್ಮಿಕರ ನಾಯಕ ಪ್ಲಾಸಿಡ್ ಡಿಮೆಲ್ಲೊ ಅವರಿಂದ ಸಂಘಟನೆಯ ಕಸುಬನ್ನು ಕಲಿತರು, ಡಾ. ರಾಮಮನೋಹರ ಲೋಹಿಯಾ ಅವರಿಂದ ವಿಚಾರವನ್ನು ಪಡೆದರು. 1952–53ರಲ್ಲಿ, ನಿಂತುಹೋಗಿದ್ದ ‘ಡಾಕ್‌ಮನ್’ ಎಂಬ ಇಂಗ್ಲಿಷ್ ಮಾಸಿಕ ಅವರ ಸಂಪಾದಕತ್ವದಲ್ಲಿ ಮತ್ತೆ ಹೊರಬಂತು. 1958ರಲ್ಲಿ ಡಿಮೆಲ್ಲೊ ತೀರಿಕೊಂಡ ಮೇಲೆ ಮುಂಬಯಿಯ ಕಾರ್ಮಿಕ ಸಂಘಟನೆಯ ಭಾರ ಬಹುಮಟ್ಟಿಗೆ ಜಾರ್ಜ್ ಅವರ ಹೆಗಲಿಗೆ ಬಂತು. ಟ್ಯಾಕ್ಸಿ ಚಾಲಕರು, ಬಂದರಿನ ಕೂಲಿಗಳು, ನಗರಪಾಲಿಕೆಯ ನೌಕರರು, ಬಸ್ ಸಿಬ್ಬಂದಿ ಹೀಗೆ ನಗರವನ್ನು ದಿನವೂ ನಡೆಸುವವರೆಲ್ಲ ಅವರ ಸಂಘಗಳಲ್ಲಿ ಸೇರಿದರು. ಇವರು ಕೈಕಟ್ಟಿ ಕುಳಿತರೆ ನಗರವೇ ನಿಲ್ಲುತ್ತದೆ ಎಂಬುದನ್ನು ಜಾರ್ಜ್ ಅರಿತಿದ್ದರು. 1960ರ ದಶಕದ ಮುಂಬಯಿ ಬಂದ್‌ಗಳು ಅವರ ಹೆಸರಿನೊಡನೆ ಬೆಸೆದುಕೊಂಡವು. 1961ರಿಂದ 1968ರವರೆಗೆ ಅವರು ಮುಂಬಯಿ ಮಹಾನಗರಪಾಲಿಕೆಯ ಸದಸ್ಯರಾಗಿದ್ದರು.

ಬಂದ್‌ನ ಗದ್ದಲದಲ್ಲಿ ಮರೆತುಹೋಗುವ ಇನ್ನೊಂದು ಕೆಲಸವನ್ನು ಇಲ್ಲಿ ಹೇಳಬೇಕು. 1968ರಲ್ಲಿ ಅವರು ಬಾಂಬೆ ಲೇಬರ್ ಕೋ-ಆಪರೇಟಿವ್ ಬ್ಯಾಂಕನ್ನು ಸ್ಥಾಪಿಸಿದರು. ಟ್ಯಾಕ್ಸಿ ಚಾಲಕನಿಗೆ ಸ್ವಂತ ವಾಹನ ಕೊಳ್ಳಲು ಸಾಲ ನೀಡುವ ಬ್ಯಾಂಕು ಆಗ ದುರ್ಲಭವಾಗಿತ್ತು. ಒತ್ತೆಯಿಡಲು ಆಸ್ತಿಯಿಲ್ಲ, ಸಂಬಳದ ಚೀಟಿಯಿಲ್ಲ, ಜಾಮೀನು ನಿಲ್ಲುವವರಿಲ್ಲ. ಉಳಿದದ್ದು ಲೇವಾದೇವಿಗಾರನ ಬಾಗಿಲು ಒಂದೇ. ದೇಶದ 14 ದೊಡ್ಡ ಬ್ಯಾಂಕುಗಳ ರಾಷ್ಟ್ರೀಕರಣವಾದದ್ದು 1969ರ ಜುಲೈಯಲ್ಲಿ. ಅದಕ್ಕಿಂತ ಮೊದಲೇ ಕಾರ್ಮಿಕರು ತಮ್ಮ ಉಳಿತಾಯದಿಂದಲೇ ತಮಗೊಂದು ಬ್ಯಾಂಕನ್ನು ಕಟ್ಟಿಕೊಂಡಿದ್ದರು. ಮುಂದೆ 1977ರಲ್ಲಿ ಅದು ನ್ಯೂ ಇಂಡಿಯಾ ಕೋ-ಆಪರೇಟಿವ್ ಬ್ಯಾಂಕ್ ಎಂಬ ಹೆಸರು ಪಡೆಯಿತು. 2025ರ ಫೆಬ್ರವರಿಯಲ್ಲಿ ಅಲ್ಲಿ ಹಣ ದುರುಪಯೋಗದ ಪ್ರಕರಣ ಬೆಳಕಿಗೆ ಬಂದು, ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಅದೇ ಆಗಸ್ಟ್‌ನಲ್ಲಿ ಅದು ಸಾರಸ್ವತ ಸಹಕಾರಿ ಬ್ಯಾಂಕಿನಲ್ಲಿ ವಿಲೀನಗೊಂಡಿತು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಬಾಳಿದ ಸಂಸ್ಥೆಯ ಈ ಅಂತ್ಯ ವಿಷಾದಕರ.

1967: ದಕ್ಷಿಣ ಮುಂಬಯಿಯ ಗೆಲವು

1967ರ ಮಹಾಚುನಾವಣೆಯಲ್ಲಿ ಸಂಯುಕ್ತ ಸೋಷಲಿಸ್ಟ್ ಪಕ್ಷದಿಂದ ಜಾರ್ಜ್ ಅವರು ದಕ್ಷಿಣ ಮುಂಬಯಿ ಕ್ಷೇತ್ರದಲ್ಲಿ ಸ್ಪರ್ಧಿಸಿದರು. ಎದುರಾಳಿ ಎಸ್.ಕೆ. ಪಾಟೀಲ್, ಮುಂಬಯಿಯ ಮಾಜಿ ಮೇಯರ್, ಕಾಂಗ್ರೆಸ್ಸಿಗೆ ನಿಧಿ ಸಂಗ್ರಹಿಸುವ ಪ್ರಬಲ ನಾಯಕ, ಅಂದಿನ ಕೇಂದ್ರ ರೈಲ್ವೆ ಸಚಿವ. ಅವರನ್ನು ನಗರದ ಕಿರೀಟವಿಲ್ಲದ ದೊರೆಯೆಂದೇ ಕರೆಯುತ್ತಿದ್ದರು. ಅಂತಹವರನ್ನೂ ಸೋಲಿಸಬಹುದು ಎಂಬ ಒಂದೇ ಮಾತನ್ನು ಜಾರ್ಜ್ ಅವರ ಭಿತ್ತಿಪತ್ರಗಳು ಗೋಡೆಗೋಡೆಯಲ್ಲೂ ಸಾರಿದವು. ಚಲಾಯಿತ ಮತಗಳಲ್ಲಿ ಶೇಕಡಾ 48.5ರಷ್ಟನ್ನು ಪಡೆದು ಅವರು ಗೆದ್ದರು. ದೈತ್ಯರನ್ನು ಮಣಿಸಿದ ಜಾರ್ಜ್ ಎಂಬ ಬಿರುದು ಅಂದಿನಿಂದ ಅಂಟಿಕೊಂಡಿತು. 1971ರಲ್ಲಿ ಇಂದಿರಾ ಗಾಂಧಿಯವರ ಅಲೆಯಲ್ಲಿ ಅದೇ ಕ್ಷೇತ್ರದಲ್ಲಿ ಅವರು ಸೋತರು. ಅದೇ ವರ್ಷ ಹುಮಾಯೂನ್ ಕಬೀರ್ ಅವರ ಪುತ್ರಿ ಲೈಲಾ ಕಬೀರ್ ಅವರನ್ನು ವಿವಾಹವಾದರು.

1974ರ ರೈಲ್ವೆ ಮುಷ್ಕರ

1973ರಲ್ಲಿ ಜಾರ್ಜ್ ಅವರು ಸಮಾಜವಾದಿ ಪಕ್ಷದ ಅಧ್ಯಕ್ಷರೂ ಅಖಿಲ ಭಾರತ ರೈಲ್ವೆ ನೌಕರರ ಮಹಾಮಂಡಲದ ಅಧ್ಯಕ್ಷರೂ ಆದರು. ಎಂಟು ಗಂಟೆಯ ದುಡಿಮೆ, ಸಾರ್ವಜನಿಕ ಉದ್ಯಮಗಳ ನೌಕರರಿಗೆ ಸಮನಾದ ವೇತನ, ಬೋನಸ್, ಬೆಲೆಯೇರಿಕೆಗೆ ತಕ್ಕ ತುಟ್ಟಿಭತ್ಯೆ ಇವು ರೈಲ್ವೆ ನೌಕರರ ಮುಖ್ಯ ಬೇಡಿಕೆಗಳಾಗಿದ್ದವು. ಮಾತುಕತೆ ನಡೆಯುತ್ತಿದ್ದಾಗಲೇ ಮೇ 2ರಂದು ಅವರನ್ನು ಲಕ್ನೋದಲ್ಲಿ ಬಂಧಿಸಲಾಯಿತು. 1974ರ ಮೇ 8ರಂದು ಮುಷ್ಕರ ಆರಂಭವಾಯಿತು. ಅಂದು ರೈಲ್ವೆಯಲ್ಲಿ ದುಡಿಯುತ್ತಿದ್ದವರು ಸುಮಾರು 17 ಲಕ್ಷ.

ಸರಕಾರ ಮುಷ್ಕರವನ್ನು ಕಾನೂನುಬಾಹಿರವೆಂದು ಸಾರಿ ಸಹಸ್ರಾರು ನೌಕರರನ್ನು ಸೆರೆಗೆ ಹಾಕಿತು; ಅನೇಕರನ್ನು ಕೆಲಸದಿಂದ ವಜಾ ಮಾಡಿತು; ರೈಲ್ವೆ ಕಾಲನಿಗಳಿಂದ ಕುಟುಂಬಗಳನ್ನು ಹೊರಹಾಕಿದ ಪ್ರಸಂಗಗಳೂ ನಡೆದವು. ಇಪ್ಪತ್ತು ದಿನಗಳಲ್ಲಿ, ಮೇ ತಿಂಗಳ ಕೊನೆಯಲ್ಲಿ, ಒಂದು ಬೇಡಿಕೆಯೂ ಈಡೇರದೆ ಮುಷ್ಕರ ಮುಗಿಯಿತು. ಲೆಕ್ಕದ ದೃಷ್ಟಿಯಿಂದ ಅದು ಸೋಲು. ಆದರೆ ವಜಾಗೊಂಡವರನ್ನು 1977ರ ಬಳಿಕ ಜನತಾ ಸರಕಾರದ ರೈಲ್ವೆ ಸಚಿವ ಮಧು ದಂಡವತೆ ಮರಳಿ ಸೇರಿಸಿಕೊಂಡರು. ಉತ್ಪಾದಕತೆಗೆ ಹೊಂದಿಕೊಂಡ ಬೋನಸ್ 1979–80ರಿಂದ ರೈಲ್ವೆ ನೌಕರರಿಗೆ ದೊರೆಯತೊಡಗಿತು. ಇಂದು ದಸರಾ ಹಬ್ಬದ ಮುನ್ನ ರೈಲ್ವೆ ನೌಕರರ ಮನೆಗೆ ಬರುವ ಬೋನಸ್ಸಿನ ಹಿಂದೆ ಆ ಸೋತ ಮುಷ್ಕರವಿದೆ.

ತುರ್ತುಪರಿಸ್ಥಿತಿ ಮತ್ತು ಬರೋಡಾ ಡೈನಮೈಟ್ ಪ್ರಕರಣ

1975ರ ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿ ಜಾರಿಯಾದಾಗ ಜಾರ್ಜ್ ಅವರು ಒಡಿಶಾದ ಕಡಲತೀರದ ಗೋಪಾಲಪುರದಲ್ಲಿದ್ದರು. ಮೀನುಗಾರನ ವೇಷದಲ್ಲಿ ಅಲ್ಲಿಂದ ತಪ್ಪಿಸಿಕೊಂಡು, ಮುಂದೆ ಗಡ್ಡ ಬಿಟ್ಟು ಪೇಟ ಧರಿಸಿ ಸಿಖ್ಖರಂತೆ ದೇಶ ಸುತ್ತಿ, ಒಂದು ವರ್ಷದ ಹತ್ತಿರ ಭೂಗತರಾಗಿದ್ದರು. ಅವರನ್ನು ಹುಡುಕುವ ಹಟದಲ್ಲಿ ಆಡಳಿತ ಅವರ ಸೋದರರನ್ನೂ ಬಿಡಲಿಲ್ಲ. 1976ರ ಮೇ 1ರಂದು ಬೆಂಗಳೂರಿನಲ್ಲಿ ಬಂಧಿತರಾದ ಲಾರೆನ್ಸ್ ಫರ್ನಾಂಡಿಸ್ ಅವರಿಗೆ ಪೋಲೀಸರು ಕೊಟ್ಟ ಚಿತ್ರಹಿಂಸೆ ಆ ಕಾಲದ ಕರಾಳ ಪ್ರಸಂಗಗಳಲ್ಲಿ ಒಂದು. ‘ಸಂಸ್ಕಾರ’ ಚಲನಚಿತ್ರದಲ್ಲಿ ಚಂದ್ರಿಯಾಗಿ ಅಭಿನಯಿಸಿದ್ದ ಸ್ನೇಹಲತಾ ರೆಡ್ಡಿಯವರನ್ನು ಮರುದಿನವೇ ಬಂಧಿಸಿ ಬೆಂಗಳೂರು ಕೇಂದ್ರ ಕಾರಾಗೃಹದಲ್ಲಿಡಲಾಯಿತು. ಅಸ್ತಮಾದಿಂದ ನರಳುತ್ತಿದ್ದ ಅವರು ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ, 1977ರ ಜನವರಿ 20ರಂದು ಕೊನೆಯುಸಿರೆಳೆದರು.

1976ರ ಜೂನ್ 10ರಂದು ಕೊಲ್ಕತ್ತದಲ್ಲಿ ಜಾರ್ಜ್ ಸೆರೆಸಿಕ್ಕರು. ರೈಲುಹಳಿ ಮತ್ತು ಸರಕಾರಿ ಸ್ಥಾವರಗಳನ್ನು ಸ್ಫೋಟಿಸಲು ಡೈನಮೈಟ್ ಸಂಗ್ರಹಿಸಿದರೆಂದು ಅವರ ಮೇಲೂ ಇತರರ ಮೇಲೂ ಹೂಡಿದ ಮೊಕದ್ದಮೆಯೇ ಬರೋಡಾ ಡೈನಮೈಟ್ ಪ್ರಕರಣ. ಯಾರ ಜೀವಕ್ಕೂ ಅಪಾಯವಾಗದಂತೆ ಆಡಳಿತವನ್ನು ಅಲುಗಿಸುವುದು ಉದ್ದೇಶವಾಗಿತ್ತೆಂದು ಅವರ ಸಂಗಾತಿಗಳು ಹೇಳುತ್ತ ಬಂದಿದ್ದಾರೆ. ಅಹಿಂಸೆಯ ದಾರಿಯನ್ನೇ ನಂಬಿದ್ದ ಸಮಾಜವಾದಿ ಪರಂಪರೆಯಲ್ಲಿ ಇದು ಸರಿಯೇ ಎಂಬ ಚರ್ಚೆ ಅಂದೂ ಇತ್ತು, ಇಂದಿಗೂ ಮುಗಿದಿಲ್ಲ. ಸಂಕೋಲೆ ತೊಟ್ಟ ಕೈಯನ್ನು ಮೇಲೆತ್ತಿದ ಅವರ ಛಾಯಾಚಿತ್ರವಂತೂ ದೇಶದಾದ್ಯಂತ ಮನೆಮಾತಾಯಿತು. 1977ರ ಚುನಾವಣೆಯಲ್ಲಿ ಸೆರೆಮನೆಯಿಂದಲೇ ಬಿಹಾರದ ಮುಜಫ್ಫರಪುರದಲ್ಲಿ ಸ್ಪರ್ಧಿಸಿ, 3 ಲಕ್ಷಕ್ಕೂ ಹೆಚ್ಚಿನ ಅಂತರದಿಂದ ಗೆದ್ದರು. ಹೊಸ ಸರಕಾರ ಮೊಕದ್ದಮೆಯನ್ನು ಹಿಂತೆಗೆದುಕೊಂಡಿತು.

ಕೈಗಾರಿಕಾ ಸಚಿವರಾಗಿ

ಮೊರಾರ್ಜಿ ದೇಸಾಯಿ ಸಂಪುಟದಲ್ಲಿ ಮೊದಲು ಸಂಪರ್ಕ ಖಾತೆ, ಬಳಿಕ ಕೈಗಾರಿಕಾ ಖಾತೆ ಅವರಿಗೆ ದೊರೆಯಿತು. ವಿದೇಶೀ ಕಂಪೆನಿಗಳು ತಮ್ಮ ಪಾಲನ್ನು ಶೇಕಡಾ 40ಕ್ಕೆ ಇಳಿಸಬೇಕೆಂಬ 1973ರ ವಿದೇಶೀ ವಿನಿಮಯ ಕಾಯಿದೆಯನ್ನು ಅವರು ಕಟ್ಟುನಿಟ್ಟಾಗಿ ಜಾರಿಗೊಳಿಸಲು ಹೊರಟಾಗ ಕೋಕಾಕೋಲಾ ಮತ್ತು ಐ.ಬಿ.ಎಂ. ದೇಶ ಬಿಟ್ಟವು. ಕೋಲಾಕ್ಕೆ ಬದಲಾಗಿ ಸರಕಾರ ಹೊರತಂದ ‘77’ ಎಂಬ ಪಾನೀಯದ ಪಾಕವನ್ನು ರೂಪಿಸಿದ್ದು ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ. ಆ ಪಾನೀಯ ಹೆಚ್ಚು ಕಾಲ ಬಾಳಲಿಲ್ಲ.

ಬಾಳಿದ್ದು ಇನ್ನೊಂದು. 1977ರ ಕೈಗಾರಿಕಾ ನೀತಿಯಂತೆ 1978ರಲ್ಲಿ ಜಿಲ್ಲಾ ಕೈಗಾರಿಕಾ ಕೇಂದ್ರಗಳು ಆರಂಭವಾದವು. ಸಣ್ಣ ಉದ್ದಿಮೆ ಆರಂಭಿಸುವವನು ಪರವಾನಗಿ, ಸಾಲ, ಕಚ್ಚಾವಸ್ತುಗಳಿಗಾಗಿ ರಾಜಧಾನಿಯ ಕಚೇರಿಗಳನ್ನು ಸುತ್ತದೆ ತನ್ನ ಜಿಲ್ಲೆಯಲ್ಲೇ ಎಲ್ಲವನ್ನೂ ಪಡೆಯಬೇಕೆಂಬುದು ಇದರ ಆಶಯ. ಬ್ಯಾಂಕಿನ ಸಾಲ ವಿಭಾಗದಲ್ಲಿ ಕೆಲಸ ಮಾಡಿದವರೆಲ್ಲರಿಗೂ ಈ ಕೇಂದ್ರಗಳಿಂದ ಬರುವ ಅರ್ಜಿಗಳ ಪರಿಚಯವಿದೆ. ಅವು ಯಾರ ಕಾಲದಲ್ಲಿ ಹುಟ್ಟಿದವೆಂಬುದು ಮಾತ್ರ ಬಹುಮಂದಿಗೆ ತಿಳಿಯದು.

1978ರ ನವೆಂಬರ್‌ನಲ್ಲಿ ಚಿಕ್ಕಮಗಳೂರಿನ ಉಪಚುನಾವಣೆಯಲ್ಲಿ ಇಂದಿರಾ ಗಾಂಧಿಯವರ ವಿರುದ್ಧ ವೀರೇಂದ್ರ ಪಾಟೀಲರ ಪರವಾಗಿ ಜಾರ್ಜ್ ಬಿರುಸಿನ ಪ್ರಚಾರ ನಡೆಸಿದರು. ಗೆಲವು ಇಂದಿರಾ ಅವರದಾಯಿತು. 1979ರ ಜುಲೈ ಅವರ ಬದುಕಿನ ಬಲು ಕ್ಲೇಶದ ಘಟ್ಟ. ಅವಿಶ್ವಾಸ ಗೊತ್ತುವಳಿಯ ಮೇಲೆ ಮೊರಾರ್ಜಿ ಸರಕಾರವನ್ನು ಲೋಕಸಭೆಯಲ್ಲಿ ಅದ್ಭುತವಾಗಿ ಸಮರ್ಥಿಸಿದ ಅವರು ಕೆಲವೇ ದಿನಗಳಲ್ಲಿ ರಾಜೀನಾಮೆ ನೀಡಿ ಚರಣ್ ಸಿಂಗ್ ಅವರ ಬಣ ಸೇರಿದರು. ಆ ಭಾಷಣವನ್ನು ಮೆಚ್ಚಿದವರೇ ಆ ರಾಜೀನಾಮೆಯನ್ನು ಮರೆಯಲಿಲ್ಲ. 1984ರಲ್ಲಿ ಬೆಂಗಳೂರು ಉತ್ತರ ಕ್ಷೇತ್ರದಲ್ಲಿ ಸಿ.ಕೆ. ಜಾಫರ್ ಷರೀಫ್ ಅವರೆದುರು ಸೋತರು. ಅಂದು ಸೋಲಿಸಿದವರೂ ಮುಂದೆ ರೈಲ್ವೆ ಸಚಿವರಾದುದು ಒಂದು ಕಾಕತಾಳೀಯ.

ಕೊಂಕಣ ರೈಲ್ವೆ

1989ರ ಡಿಸೆಂಬರ್‌ನಲ್ಲಿ ವಿ.ಪಿ. ಸಿಂಗ್ ಸರಕಾರದಲ್ಲಿ ಜಾರ್ಜ್ ಅವರು ರೈಲ್ವೆ ಸಚಿವರಾದರು. ಹದಿನೈದು ವರ್ಷಗಳ ಹಿಂದೆ ದೇಶದ ರೈಲುಗಳನ್ನು ನಿಲ್ಲಿಸಿದವರ ಕೈಗೆ ರೈಲ್ವೆಯೇ ಬಂತು. ಆ ಅಧಿಕಾರ ಉಳಿದದ್ದು ಒಂದು ವರ್ಷಕ್ಕೂ ಕಡಿಮೆ.

ಪಶ್ಚಿಮ ಕರಾವಳಿಯಲ್ಲಿ ರೈಲುಮಾರ್ಗ ಬೇಕೆಂಬುದು ಹಳೆಯ ಬೇಡಿಕೆ. ಕೊಂಕಣದ ಸಮಾಜವಾದಿ ಸಂಸದರಾದ ನಾಥ್ ಪೈ ಮತ್ತು ಮಧು ದಂಡವತೆ ಇದಕ್ಕಾಗಿ ಬಹುಕಾಲ ಶ್ರಮಿಸಿದ್ದರು. ಮುಂಬಯಿಯಿಂದ ಮಂಗಳೂರಿಗೆ ರೈಲಿನಲ್ಲಿ ಹೋಗಬೇಕಾದವರು ದೇಶದ ನಡುಭಾಗವನ್ನೆಲ್ಲ ಸುತ್ತಿ ಸುಮಾರು 41 ಗಂಟೆ ಪ್ರಯಾಣ ಮಾಡಬೇಕಿತ್ತು. ಆದ್ದರಿಂದ ಹೆಚ್ಚಿನವರು ಘಟ್ಟದ ತಿರುವುಗಳಲ್ಲಿ ಒಂದು ಹಗಲು ಒಂದು ರಾತ್ರಿ ಬಸ್ಸಿನಲ್ಲಿ ಕುಳಿತು ಊರು ಸೇರುತ್ತಿದ್ದರು. ಮಳೆಗಾಲದಲ್ಲಿ ಊರಿನಿಂದ ಸಾವಿನ ಸುದ್ದಿ ಬಂದರೆ ಅಂತ್ಯಕ್ರಿಯೆಗೆ ತಲುಪುವುದು ಅಸಾಧ್ಯವೆಂದೇ ಎಣಿಕೆ.

ತೊಡಕು ಹಣದ್ದು. ವರ್ಷವರ್ಷದ ಮುಂಗಡಪತ್ರದಲ್ಲಿ ಸಿಗುವ ಚೂರುಪಾರು ಅನುದಾನದಿಂದ ಇಷ್ಟು ದೊಡ್ಡ ಮಾರ್ಗ ಮುಗಿಯಲು ದಶಕಗಳೇ ಬೇಕಾಗುತ್ತಿದ್ದವು. ಜಾರ್ಜ್ ಅವರ ಕಾಲದಲ್ಲಿ ಇದಕ್ಕೆ ಬೇರೆ ದಾರಿ ಕಾಣಲಾಯಿತು. 1990ರ ಜುಲೈಯಲ್ಲಿ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಬಂಡವಾಳದಲ್ಲಿ ರೈಲ್ವೆ ಮಂತ್ರಾಲಯ ಶೇಕಡಾ 51, ಮಹಾರಾಷ್ಟ್ರ 22, ಕರ್ನಾಟಕ 15, ಗೋವಾ ಮತ್ತು ಕೇರಳ ತಲಾ 6ರಂತೆ ಪಾಲು ಹೊತ್ತವು. ಉಳಿದ ಹಣವನ್ನು ಬಹುಪಾಲು ಸಾಲಪತ್ರಗಳ ಮೂಲಕ ಮಾರುಕಟ್ಟೆಯಿಂದ ಎತ್ತಲಾಯಿತು. ಆಗಿನ ಹಣಕಾಸು ಸಚಿವರು ದಂಡವತೆಯವರೇ ಆಗಿದ್ದುದು ಅನುಕೂಲವಾಯಿತು. ನಿಗಮದ ಹೊಣೆಯನ್ನು ಎಂಜಿನಿಯರ್ ಇ. ಶ್ರೀಧರನ್ ಅವರಿಗೆ ವಹಿಸಲಾಯಿತು.

ಸರಕಾರ 1990ರ ನವೆಂಬರ್‌ನಲ್ಲಿ ಬಿದ್ದುಹೋಯಿತು, ನಿಗಮ ನಿಂತಿತು. ರೋಹಾದಿಂದ ಮಂಗಳೂರಿನವರೆಗೆ 741 ಕಿ.ಮೀ. ಮಾರ್ಗದಲ್ಲಿ 90ಕ್ಕೂ ಹೆಚ್ಚು ಸುರಂಗಗಳು, ಸುಮಾರು 2,000 ಸೇತುವೆಗಳು ನಿರ್ಮಾಣವಾದವು. ಇವುಗಳಲ್ಲಿ ಅತಿ ಉದ್ದವಾದ ಸೇತುವೆ ನಮ್ಮ ಹೊನ್ನಾವರದ ಶರಾವತಿಯ ಮೇಲಿದೆ. 1993ರಲ್ಲಿ ಮಂಗಳೂರು–ಉಡುಪಿ ನಡುವೆ ಮೊದಲ ರೈಲು ಓಡಿತು; 1998ರ ಜನವರಿ 26ರಂದು ಪೂರ್ಣ ಮಾರ್ಗ ತೆರೆಯಿತು. ಈ ನಿರ್ಮಾಣದಲ್ಲಿ ದುಡಿದು ಮಡಿದ ಕಾರ್ಮಿಕರನ್ನೂ ಇಲ್ಲಿ ನೆನೆಯಬೇಕು. ಅದೇ ವರ್ಷ ಆರಂಭವಾದ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಮುಂಬಯಿ ಕನ್ನಡಿಗರ ಮನೆಯ ಮಾತಾಗಿದೆ. ಸಂಜೆ ಮುಂಬಯಿ ಬಿಟ್ಟು ಬೆಳಗ್ಗೆ ಊರಿನ ಹೊಳೆಗಳನ್ನು ದಾಟುವ ಅನುಭವ ನಮ್ಮ ಮಕ್ಕಳಿಗೆ ಸಹಜವೆನಿಸಿದೆ.

ರಕ್ಷಣಾ ಸಚಿವರಾಗಿ

1994ರಲ್ಲಿ ಜನತಾದಳದಿಂದ ಹೊರಬಂದು ನಿತೀಶ್ ಕುಮಾರ್ ಅವರೊಡನೆ ಸಮತಾ ಪಕ್ಷ ಕಟ್ಟಿದ ಜಾರ್ಜ್, 1996ರಲ್ಲಿ ಭಾರತೀಯ ಜನತಾ ಪಕ್ಷದೊಂದಿಗೆ ಮೈತ್ರಿ ಮಾಡಿಕೊಂಡರು. ದ್ವಿಸದಸ್ಯತ್ವದ ಪ್ರಶ್ನೆಯೆತ್ತಿ ಜನಸಂಘದ ಹಿನ್ನೆಲೆಯವರನ್ನು ವಿರೋಧಿಸಿದ್ದ ಹಳೆಯ ಸಮಾಜವಾದಿಗಳಿಗೆ ಇದು ಆಘಾತವಾಯಿತು. ಜಾರ್ಜ್ ಅವರ ದೃಷ್ಟಿಯಲ್ಲಿ ಇದು ಲೋಹಿಯಾ ಕಲಿಸಿದ ಕಾಂಗ್ರೆಸ್ ವಿರೋಧದ ಮುಂದುವರಿಕೆಯಾಗಿತ್ತು.

1998ರಿಂದ 2004ರವರೆಗೆ, ನಡುವಿನ ಕೆಲವು ತಿಂಗಳು ಬಿಟ್ಟು, ಅವರು ರಕ್ಷಣಾ ಸಚಿವರಾಗಿದ್ದರು. ಅಣ್ವಸ್ತ್ರವನ್ನು ವಿರೋಧಿಸುತ್ತಿದ್ದವರ ಅವಧಿಯಲ್ಲೇ 1998ರ ಮೇ ತಿಂಗಳಲ್ಲಿ ಪೋಖ್ರಾನ್ ಪರೀಕ್ಷೆ ನಡೆಯಿತು. 1999ರಲ್ಲಿ ಕಾರ್ಗಿಲ್ ಯುದ್ಧ ಬಂತು. ಸಿಯಾಚಿನ್ ಹಿಮಶಿಖರಗಳಿಗೆ ಹತ್ತಾರು ಬಾರಿ ಭೇಟಿ ನೀಡಿ ಸೈನಿಕರೊಡನೆ ಬೆರೆತರು. ಯೋಧರಿಗೆ ಬೇಕಾದ ಹಿಮವಾಹನಗಳ ಕಡತವನ್ನು ತಡೆಹಿಡಿದಿದ್ದ ಅಧಿಕಾರಿಗಳನ್ನು ಸಿಯಾಚಿನ್‌ಗೇ ಕಳುಹಿಸಿದ ಪ್ರಸಂಗ ಪ್ರಸಿದ್ಧವಾಗಿದೆ. ದೆಹಲಿಯ ಕೃಷ್ಣ ಮೆನನ್ ಮಾರ್ಗದ ಅವರ ಮನೆಗೆ ಗೇಟಿರಲಿಲ್ಲ. ಟಿಬೆಟ್ ಮತ್ತು ಬರ್ಮಾದ ನಿರಾಶ್ರಿತರಿಗೆ ಅಲ್ಲಿ ಆಸರೆಯಿತ್ತು. ಸಚಿವರು ತಮ್ಮ ಜುಬ್ಬಾವನ್ನು ತಾವೇ ಒಗೆದುಕೊಳ್ಳುತ್ತಿದ್ದರು.

2001ರ ಮಾರ್ಚ್‌ನಲ್ಲಿ ತೆಹಲ್ಕಾ ಗುಪ್ತ ಚಿತ್ರೀಕರಣ ಹೊರಬಂದಾಗ ರಾಜೀನಾಮೆಯಿತ್ತರು, ಅಕ್ಟೋಬರ್‌ನಲ್ಲಿ ಮರಳಿದರು. ಶವಪೆಟ್ಟಿಗೆ ಖರೀದಿಯ ಆರೋಪವೂ ಬರಾಕ್ ಕ್ಷಿಪಣಿಯ ಆರೋಪವೂ ಅವರನ್ನು ವರ್ಷಗಟ್ಟಲೆ ಕಾಡಿದವು. ಯಾವುದೂ ನ್ಯಾಯಾಲಯದಲ್ಲಿ ಅವರ ವಿರುದ್ಧ ಸಾಬೀತಾಗಲಿಲ್ಲ. 2002ರ ಗುಜರಾತ್ ಗಲಭೆಗಳ ಕುರಿತ ಚರ್ಚೆಯಲ್ಲಿ ಸರಕಾರವನ್ನು ಸಮರ್ಥಿಸಿ ಆಡಿದ ಮಾತುಗಳು ಹಣದ ಆರೋಪಗಳಿಗಿಂತ ಹೆಚ್ಚಾಗಿ ಹಳೆಯ ಸಂಗಾತಿಗಳನ್ನು ನೋಯಿಸಿದವು. ಅನ್ಯಾಯ ಕಂಡಾಗ ಮೊದಲು ಎದ್ದು ನಿಲ್ಲುತ್ತಿದ್ದ ಸದಸ್ಯನನ್ನು ಅವರು ಅಂದು ಆ ಸದನದಲ್ಲಿ ಹುಡುಕಿದ್ದರು.

ಕೊನೆಯ ವರ್ಷಗಳು

2004ರಲ್ಲಿ ಮುಜಫ್ಫರಪುರದಿಂದ ಗೆದ್ದುದೇ ಅವರ ಕೊನೆಯ ಲೋಕಸಭಾ ಗೆಲವು. 2009ರಲ್ಲಿ ಪಕ್ಷ ಟಿಕೆಟ್ ನಿರಾಕರಿಸಿದಾಗ ಪಕ್ಷೇತರರಾಗಿ ನಿಂತು ಸೋತರು. ಬಳಿಕ ಒಂದು ವರ್ಷ ರಾಜ್ಯಸಭೆಯಲ್ಲಿದ್ದರು. ಅಷ್ಟರಲ್ಲಿ ಅಲ್ಜೈಮರ್ ರೋಗ ನೆನಪನ್ನು ಕಸಿಯತೊಡಗಿತ್ತು. ಹತ್ತು ಭಾಷೆಗಳನ್ನು ಬಲ್ಲ, ಟಿಪ್ಪಣಿಯಿಲ್ಲದೆ ಗಂಟೆಗಟ್ಟಲೆ ಮಾತನಾಡಬಲ್ಲ ವ್ಯಕ್ತಿ ಸುಮಾರು ಒಂದು ದಶಕ ಮೌನವಾಗಿ ಕಳೆದರು. 2019ರ ಜನವರಿ 29ರಂದು ದೆಹಲಿಯಲ್ಲಿ ನಿಧನರಾದಾಗ ಅವರಿಗೆ 88 ವರ್ಷ. 2020ರಲ್ಲಿ ಮರಣೋತ್ತರವಾಗಿ ಪದ್ಮವಿಭೂಷಣ ಪ್ರಶಸ್ತಿ ನೀಡಲಾಯಿತು.

ಮೌಲ್ಯಮಾಪನ

ಜಾರ್ಜ್ ಅವರ ಬಾಳನ್ನು ಹುದ್ದೆಗಳ ಪಟ್ಟಿಯಿಂದ ಅಳೆದರೆ ರಕ್ಷಣಾ ಖಾತೆಯೇ ಎತ್ತರದ ಶಿಖರ. ಜನರಿಗೆ ಉಳಿದದ್ದನ್ನು ಎಣಿಸಿದರೆ ಪಟ್ಟಿ ಬೇರೆಯಾಗುತ್ತದೆ: ಟ್ಯಾಕ್ಸಿ ಚಾಲಕನಿಗೆ ಸಾಲ, ರೈಲ್ವೆ ನೌಕರನಿಗೆ ಬೋನಸ್, ಸಣ್ಣ ಉದ್ದಿಮೆದಾರನಿಗೆ ಜಿಲ್ಲೆಯಲ್ಲೇ ಕಚೇರಿ, ಕರಾವಳಿಯವನಿಗೆ ಊರಿನ ರೈಲು. ಇವೆಲ್ಲವೂ ಅವರು ವಿರೋಧ ಪಕ್ಷದಲ್ಲಿದ್ದು ಕಂಡ ಕಷ್ಟಗಳಿಂದ ಹುಟ್ಟಿದವು. ಕೆಲವು ಅವರ ಕೈಯಿಂದಲೇ, ಕೆಲವು ಅನ್ಯರ ಕೈಯಿಂದ ಈಡೇರಿದವು. ಅವರ ಮೇಲಿನ ಆಕ್ಷೇಪಗಳಲ್ಲಿ ಗಂಭೀರವಾದವೆಲ್ಲ ಅಧಿಕಾರದ ಹತ್ತಿರವಿದ್ದಾಗಿನವು. ಎರಡನ್ನೂ ಬಚ್ಚಿಡದೆ ಹೇಳುವುದೇ, ಯಾರ ಮುಲಾಜನ್ನೂ ನೋಡದೆ ಪ್ರಶ್ನಿಸುತ್ತಿದ್ದ ಆ ನಾಯಕನಿಗೆ ತಕ್ಕ ಸ್ಮರಣೆ.

ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮ ಮುಂದಿನ ಪೀಳಿಗೆ ಬೇಸಗೆಯ ರಜೆಗೆ ಊರಿಗೆ ಹೊರಟಾಗ, ಹೊನ್ನಾವರದ ಸೇತುವೆಯ ಮೇಲೆ ರೈಲು ಸಾಗುವಷ್ಟು ಹೊತ್ತು, ಈ ಹಳಿ ಹೇಗೆ ಬಂತೆಂಬ ಕಥೆಯನ್ನು ಹಿರಿಯರು ಅವರಿಗೆ ಹೇಳಬಹುದು.